ಒಂದು ಬಾಟ್ಲಿ ನೀರಿನಲ್ಲಿ ಮೀನಿನ ರೋಗ ಹುಡುಕುವುದು



ಓಣಂ ರಜೆ ಮುಗಿದು ಶಾಲೆ ತೆರೆದ ದಿನ ನಮ್ಮ 9ನೇ ತರಗತಿಯ ಹುಡುಗನೊಬ್ಬ ಚೀಲದಿಂದ ಒಂದು ಬಾಟ್ಲಿ ತೆಗೆದು ನನ್ನ ಮೇಜಿನ ಮೇಲಿಟ್ಟ. ಒಳಗೆ ತುಸು ಹಸಿರು ಬಣ್ಣದ ನೀರು. "ಟೀಚರ್, ಇದನ್ನು ಮೈಕ್ರೋಸ್ಕೋಪಿನಲ್ಲಿ ನೋಡ್ಲಿಕ್ಕೆ ಆಗ್ತದಾ? ಮನೆಯ ಮೀನೆಲ್ಲ ಸತ್ತು ಹೋಯ್ತು" ಅಂದ.

ಕಾಸರಗೋಡಿನ ಕಡೆ ಕೆಂಪುಕಲ್ಲು ಕಡಿದು ಬಿಟ್ಟ ಹೊಂಡಗಳು ಬೇಕಾದಷ್ಟು ಉಂಟು. ಅಂಥ ಒಂದು ಹೊಂಡದಲ್ಲಿ ಅವನ ಮನೆಯವರು ತಿಲಾಪಿಯ ಮೀನು ಸಾಕಿದ್ದರು. (ಸೊಲ್ಲಾಪುರ, ಜತ್ತದ ಕಡೆಯ ಮಕ್ಕಳು ನಿಮ್ಮ ಶೇತತಳೆಯನ್ನು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ.) ಮೂರು ದಿನದಲ್ಲಿ ಮುಕ್ಕಾಲು ಪಾಲು ಮೀನು ತೇಲಿತ್ತು. ನಾನು ಒಂದು ಹನಿ ನೀರನ್ನು ಸ್ಲೈಡಿಗೆ ಹಾಕಿ ನೋಡಿದೆ. ಪಾಚಿ ಕಂಡಿತು, ಅತ್ತಿತ್ತ ಓಡುವ ಒಂದೆರಡು ಏಕಕೋಶ ಜೀವಿಗಳು ಕಂಡವು. "ಇದರಲ್ಲಿ ವೈರಸ್ ಇದ್ದರೂ ನಮಗೆ ಕಾಣ್ಲಿಕ್ಕಿಲ್ಲ" ಅಂತ ಹೇಳಿ ಬಾಟ್ಲಿ ಹಿಂದೆ ಕೊಟ್ಟೆ. ಅಷ್ಟರಲ್ಲಿ ಅವನ ಮನೆಯಲ್ಲಿ ಪಂಪು ಇಟ್ಟು ಹೊಂಡದ ನೀರನ್ನೆಲ್ಲ ತೋಡಿಗೆ ಬಿಟ್ಟಾಗಿತ್ತು. ಅದೇ ತೋಡಿನ ನೀರನ್ನು ಕೆಳಗಿನ ಇನ್ನೆರಡು ಮನೆಯವರು ತಮ್ಮ ಮೀನಿನ ಹೊಂಡಕ್ಕೆ ತಿರುಗಿಸಿಕೊಳ್ಳುತ್ತಾರೆ.

ನಾನು ಹುಡುಗನಿಗೆ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಆ ಬಾಟ್ಲಿಯ ನೀರಿನಿಂದ ವೈರಸ್ ಪತ್ತೆ ಮಾಡುವ ದಾರಿ ಉಂಟು. ಅದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ. ಇದಕ್ಕೆ ಬೇಕಾದ ರಸಾಯನಶಾಸ್ತ್ರ, ಲೆಕ್ಕ ಎರಡೂ ನಿಮ್ಮ ಪಾಠಪುಸ್ತಕದಲ್ಲೇ ಇವೆ.

ಮೊದಲಿಗೆ, ಮೀನನ್ನೇ ಹಿಡಿದು ಯಾಕೆ ಪರೀಕ್ಷಿಸಬಾರದು? ಪರೀಕ್ಷಿಸುತ್ತಾರೆ. ಕಿವಿರು, ಮೂತ್ರಪಿಂಡದ ತುಂಡು ತೆಗೆದು ನೋಡುವುದೇ ಇವತ್ತಿಗೂ ಮುಖ್ಯ ವಿಧಾನ. ಆದರೆ ಹೊಂಡದಲ್ಲಿ ಸಾವಿರಾರು ಮೀನುಗಳಿದ್ದು, ನೂರಕ್ಕೆ ಎರಡು ಮೀನಿಗೆ ಮಾತ್ರ ಸೋಂಕು ತಗಲಿದೆ ಅಂದುಕೊಳ್ಳಿ. ಒಂದು ಮೀನು ಹಿಡಿದರೆ ಅದು ಸೋಂಕಿಲ್ಲದ್ದು ಆಗುವ ಸಾಧ್ಯತೆ 0.98. ಎರಡು ಹಿಡಿದರೆ ಎರಡೂ ಸೋಂಕಿಲ್ಲದವು ಆಗುವ ಸಾಧ್ಯತೆ 0.98 × 0.98. ಹೀಗೆ ಗುಣಿಸುತ್ತಾ ಹೋಗಿ. ಈ ಸಾಧ್ಯತೆ 0.05ಕ್ಕಿಂತ ಕೆಳಗೆ ಇಳಿಯಬೇಕಾದರೆ ಸುಮಾರು 150 ಮೀನು ಬೇಕು. ಅಂದರೆ 150 ಮೀನು ಕೊಂದರೆ ಮಾತ್ರ 95 ಶೇಕಡಾ ಖಾತ್ರಿ. ಯಾವ ಕೃಷಿಕ ಒಪ್ಪುತ್ತಾನೆ?

ನೀರಿನ ವಿಷಯ ಬೇರೆ. ಸೋಂಕು ತಗಲಿದ ಮೀನಿನ ಲೋಳೆ, ಮಲ, ಮೂತ್ರದಲ್ಲಿ ವೈರಸ್ ಹೊರಗೆ ಬರುತ್ತದೆ. ಬಂದದ್ದು ಎಲ್ಲ ಮೀನಿಗೂ ಸಮನಾದ ಅದೇ ನೀರಿಗೆ ಸೇರುತ್ತದೆ. ಕೊರೊನಾ ಕಾಲದಲ್ಲಿ ಬೆಂಗಳೂರಿನಲ್ಲಿ ಕೊಳಚೆ ನೀರನ್ನು ಪರೀಕ್ಷೆ ಮಾಡಿ ಯಾವ ಬಡಾವಣೆಯಲ್ಲಿ ಸೋಂಕು ಏರುತ್ತಿದೆ ಅಂತ ನೋಡಿದ್ದರು. ಮುಂಬೈಯಲ್ಲಿ ಪೋಲಿಯೊ ವೈರಸ್ಸಿಗಾಗಿ 2001ರಿಂದಲೇ ಚರಂಡಿ ನೀರು ನೋಡುತ್ತಿದ್ದರು. ಉಪಾಯ ಅದೇ, ಇಲ್ಲಿ ಊರಿನ ಬದಲು ಕೆರೆ.

ಈಗ ಜಪಾನಿಗೆ ಹೋಗೋಣ, ಏಕೆಂದರೆ ಮೀನಿನ ವೈರಸ್ಸನ್ನು ನದಿ, ಸರೋವರದ ನೀರಿನಲ್ಲಿ ಹುಡುಕುವ ಒಳ್ಳೆಯ ಕೆಲಸ ನಡೆದದ್ದು ಅಲ್ಲಿ. ಕಸುಮಿಗೌರ ಅಲ್ಲಿನ ಎರಡನೆಯ ದೊಡ್ಡ ಸರೋವರ. ಅದರಲ್ಲಿ ಬಲೆಯ ಗೂಡು ಕಟ್ಟಿ ಕಾರ್ಪ್ ಮೀನು, ಅಂದರೆ ಸಾಮಾನ್ಯ ಗೆಂಡೆ, ಸಾಕುತ್ತಿದ್ದರು. 2003ರ ಅಕ್ಟೋಬರಿನಲ್ಲಿ ಗೂಡಿನ ಮೀನುಗಳು ಸಾಯತೊಡಗಿದವು. ಸತ್ತದ್ದು 1000 ಟನ್ನಿಗೂ ಹೆಚ್ಚು. ಮರುವರ್ಷ, 2004ರಲ್ಲಿ, ದೇಶದ ಅತಿ ದೊಡ್ಡ ಸರೋವರವಾದ ಬಿವಾದಲ್ಲಿ ಯಾರೂ ಸಾಕದ ಕಾಡು ಗೆಂಡೆಗಳು ಒಂದು ಲಕ್ಷಕ್ಕೂ ಮೀರಿ ಸತ್ತವು. ಕಾರಣ ಕೋಯಿ ಹರ್ಪಿಸ್ ವೈರಸ್. ಬಣ್ಣಬಣ್ಣದ ಕೋಯಿ ಮೀನು ಅಕ್ವೇರಿಯಂ ಅಂಗಡಿಯಲ್ಲಿ ನೋಡಿದ್ದೀರಲ್ಲ, ಅದೂ ಗೆಂಡೆಯ ಜಾತಿಯೇ. ನೀರು ಸುಮಾರು 18ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವಾಗ ಈ ರೋಗ ಜೋರು. ಹರ್ಪಿಸ್ ಅನ್ನುವ ಹೆಸರು ಕೇಳಿ ಹೆದರಬೇಡಿ, ಇದು ಮನುಷ್ಯರಿಗೆ ತಗಲುವುದಿಲ್ಲ.

ಈ ವೈರಸ್ಸಿನ ಕಣ ಸುಮಾರು 200 ನ್ಯಾನೋಮೀಟರ್. ಒಂದು ಮಿಲಿಮೀಟರಿನ ಉದ್ದಕ್ಕೆ ಸಾಲಾಗಿ ಇಟ್ಟರೆ 5000 ಕಣ ಹಿಡಿಯುತ್ತದೆ. ಬೆಳಕಿನ ಮೈಕ್ರೋಸ್ಕೋಪು ಎಷ್ಟೇ ಒಳ್ಳೆಯದಾದರೂ ಅದರ ಶಕ್ತಿ ಮುಗಿಯುವುದು ಸುಮಾರು ಅಲ್ಲೇ. ಶಾಲೆಯದಂತೂ ಕೇಳುವುದೇ ಬೇಡ.

ಸರಿ, ಒಂದು ಲೀಟರ್ ನೀರಿನಲ್ಲಿ ಎಲ್ಲೋ ಚದುರಿರುವ ಕೆಲವು ನೂರು ಕಣಗಳನ್ನು ಒಟ್ಟುಮಾಡುವುದು ಹೇಗೆ? ಸೋಸಬೇಕು. ಬಳಸುವ ಸೋಸುಕಾಗದದ ತೂತು 450 ನ್ಯಾನೋಮೀಟರ್. ವೈರಸ್ 200. ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ತೂತು ಕಣಕ್ಕಿಂತ ಎರಡು ಪಾಲು ದೊಡ್ಡದು. ಕಣ ನುಸುಳಿ ಹೋಗಬೇಕಲ್ಲ? ತೂತು ಇನ್ನೂ ಚಿಕ್ಕದು ಮಾಡಿದರೆ ಕೆಸರು ಕಟ್ಟಿಕೊಂಡು ನೀರೇ ಇಳಿಯುವುದಿಲ್ಲ.

ಉತ್ತರ ನಿಮ್ಮ ಅಜ್ಜಿಗೆ ಗೊತ್ತಿರಬಹುದು. ಮಳೆಗಾಲದಲ್ಲಿ ಬಾವಿ ನೀರು ಕೆಂಪಾದಾಗ ಕೊಡಕ್ಕೆ ಪಟಿಕ ಹಾಕುತ್ತಿದ್ದರು, ಅಂಗಡಿಯಲ್ಲಿ ಆಲಂ ಅನ್ನುತ್ತಾರೆ. ಮಣ್ಣಿನ ಸಣ್ಣ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಎಲ್ಲವೂ ಋಣವಾದ್ದರಿಂದ ಒಂದನ್ನೊಂದು ದೂಡುತ್ತಾ ತಳಕ್ಕೆ ಇಳಿಯದೆ ತೇಲುತ್ತವೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಅಯಾನಿಗೆ ಮೂರು ಧನ ವಿದ್ಯುದಂಶ. ಅದು ಋಣ ಕಣಗಳ ನಡುವೆ ಅಂಟಿನ ಹಾಗೆ ಕೂತು ಅವನ್ನು ಗುಂಪುಗೂಡಿಸುತ್ತದೆ. ಗುಂಪು ಭಾರವಾಗಿ ಕೆಳಗೆ ಇಳಿಯುತ್ತದೆ. ಎರಡು ಗ್ಲಾಸು ಕೆಸರು ನೀರು ತೆಗೆದುಕೊಂಡು ಒಂದಕ್ಕೆ ಮಾತ್ರ ಚಿಟಿಕೆ ಪಟಿಕ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ಓದುವುದಕ್ಕಿಂತ ಅದು ಚೆನ್ನಾಗಿ ಅರ್ಥವಾಗುತ್ತದೆ.

ವೈರಸ್ಸಿನ ಹೊರಮೈಯೂ ಸಾಮಾನ್ಯ ನೀರಿನಲ್ಲಿ ಋಣ. ಸೋಸುಕಾಗದವೂ ಋಣ. ಹಾಗಾಗಿ ಮೊದಲು ಕಾಗದದ ಮೂಲಕ ಅಲ್ಯೂಮಿನಿಯಂ ಕ್ಲೋರೈಡಿನ ದ್ರಾವಣ ಹಾಯಿಸುತ್ತಾರೆ. ಕಾಗದದ ಮೇಲೆ ಧನ ಅಯಾನುಗಳ ಲೇಪ ಆಗುತ್ತದೆ. ಈಗ ಕೆರೆ ನೀರು ಹಾಯಿಸಿದರೆ ವೈರಸ್ ತೂತಿನ ಗೋಡೆಗೆ ಅಂಟಿಕೊಳ್ಳುತ್ತದೆ, ನುಸುಳಿ ಹೋಗುವುದಿಲ್ಲ. ಅದನ್ನು ತಡೆದದ್ದು ಗಾತ್ರ ಅಲ್ಲ, ವಿದ್ಯುದಂಶ.

ಅಂಟಿದ್ದನ್ನು ಬಿಡಿಸುವುದು ಇನ್ನೂ ಚಂದ. ಮೊದಲು ಬಹಳ ತೆಳುವಾದ ಸಲ್ಫ್ಯೂರಿಕ್ ಆಮ್ಲ ಹಾಯಿಸುತ್ತಾರೆ, ಪಿಎಚ್ ಸುಮಾರು 3. ಅಲ್ಯೂಮಿನಿಯಂ ತೊಳೆದು ಹೋಗುತ್ತದೆ. ಆದರೆ ವೈರಸ್ ಹೋಗುವುದಿಲ್ಲ, ಯಾಕೆಂದರೆ ಆಮ್ಲದಲ್ಲಿ ಅದರ ಹೊರಮೈಯ ಪ್ರೋಟೀನುಗಳು ಹೈಡ್ರೋಜನ್ ಅಯಾನು ತೆಗೆದುಕೊಂಡು ತಾವೇ ಧನವಾಗುತ್ತವೆ, ಋಣವಾದ ಕಾಗದಕ್ಕೆ ನೇರವಾಗಿ ಅಂಟಿ ನಿಲ್ಲುತ್ತವೆ. ಆಮೇಲೆ ತೆಳುವಾದ ಸೋಡಿಯಂ ಹೈಡ್ರಾಕ್ಸೈಡ್, ಪಿಎಚ್ ಸುಮಾರು 11. ಈಗ ವೈರಸ್ ಮತ್ತೆ ಋಣ, ಕಾಗದವೂ ಋಣ. ಎರಡೂ ದೂಡಿಕೊಂಡು ವೈರಸ್ ಕೆಳಗಿನ ಪಾತ್ರೆಗೆ ಬೀಳುತ್ತದೆ. ಒಂದು ಲೀಟರಿನಲ್ಲಿ ಹರಡಿದ್ದದ್ದು ಕೆಲವೇ ಮಿಲಿಲೀಟರಿಗೆ ಬಂತು. ಆಮ್ಲ ಪ್ರತ್ಯಾಮ್ಲ ಪಾಠ ಮಾಡುವಾಗ "ಇದು ಎಲ್ಲಿ ಉಪಯೋಗ ಟೀಚರ್?" ಅಂತ ಕೇಳುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

ಮುಂದಿನ ಹೆಜ್ಜೆ ಪಿಸಿಆರ್. ಕೊರೊನಾದಿಂದಾಗಿ ಆ ಹೆಸರು ನಿಮಗೆಲ್ಲ ಗೊತ್ತು, ಹಾಗಾಗಿ ಬೇಗ ಮುಗಿಸುತ್ತೇನೆ. ವೈರಸ್ಸಿನ ಡಿಎನ್‌ಎಯಲ್ಲಿ ಅದಕ್ಕೆ ಮಾತ್ರ ಇರುವ ಒಂದು ಚಿಕ್ಕ ತುಂಡನ್ನು ಆರಿಸಿಕೊಂಡು ಅದನ್ನು ಮತ್ತೆ ಮತ್ತೆ ನಕಲು ಮಾಡುವುದು. ಪ್ರತಿ ಸುತ್ತಿಗೆ ದುಪ್ಪಟ್ಟು. ಒಂದು ತುಂಡು 30 ಸುತ್ತಿನಲ್ಲಿ 107 ಕೋಟಿ ದಾಟುತ್ತದೆ. (2ರ ಘಾತ 30, ಕ್ಯಾಲ್ಕುಲೇಟರ್ ಇಲ್ಲದೆ ಮಾಡಿ ನೋಡಿ.) ಎಷ್ಟನೆಯ ಸುತ್ತಿನಲ್ಲಿ ಸಂಕೇತ ಕಾಣಿಸಿತು ಅನ್ನುವುದರಿಂದ ಆರಂಭದಲ್ಲಿ ಎಷ್ಟು ತುಂಡು ಇತ್ತು ಅಂತ ಲೆಕ್ಕ ಹಾಕಬಹುದು. ಸುಮಾರು 3.3 ಸುತ್ತು ತಡವಾದರೆ ಹತ್ತು ಪಾಲು ಕಡಿಮೆ ಇತ್ತು ಅಂತ ಅರ್ಥ.

ಇಲ್ಲೊಂದು ತೊಂದರೆ ಉಂಟು. ಸೋಸುವಾಗ ಸ್ವಲ್ಪ ವೈರಸ್ ಕಳೆದುಹೋಗುತ್ತದೆ. ಕೊಳೆತ ಎಲೆಯಿಂದ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದಲ್ಲ, ನಮ್ಮ ಅಡಿಕೆ ತೋಟದ ಕಣಿಯ ನೀರಿನ ಹಾಗೆ, ಆ ಬಣ್ಣದ ವಸ್ತುಗಳು ಪಿಸಿಆರನ್ನೇ ತಡೆಯುತ್ತವೆ. ಹಾಗಾದರೆ ಸಿಕ್ಕ ಅಂಕೆಯನ್ನು ನಂಬುವುದು ಹೇಗೆ? ಬಿವಾ ಸರೋವರದ ನೀರು ಪರೀಕ್ಷಿಸಿದ ಸಂಶೋಧಕರು ಒಂದು ಜಾಣತನ ಮಾಡಿದರು. ಲ್ಯಾಂಬ್ಡಾ ಅನ್ನುವ, ಬ್ಯಾಕ್ಟೀರಿಯಾಕ್ಕೆ ಮಾತ್ರ ತಗಲುವ ವೈರಸ್ಸನ್ನು ಎಣಿಸಿ ಆ ನೀರಿಗೆ ಮೊದಲೇ ಹಾಕಿದರು. ಕೊನೆಗೆ ಅದು ಎಷ್ಟು ಹಿಂದೆ ಸಿಕ್ಕಿತು ಅಂತ ನೋಡಿದರು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಹಾಕಿದ್ದು 10,000, ಸಿಕ್ಕಿದ್ದು 2,000. ಅಂದರೆ ಐದರಲ್ಲಿ ಒಂದು ಪಾಲು. ಹಾಗಾದರೆ ಮೀನಿನ ವೈರಸ್ 300 ಸಿಕ್ಕಿದ್ದರೆ ನಿಜವಾಗಿ ಇದ್ದದ್ದು ಸುಮಾರು 1500. ಲ್ಯಾಂಬ್ಡಾವೇ ಸಿಗದಿದ್ದರೆ "ವೈರಸ್ ಇಲ್ಲ" ಅಂತ ಬರೆಯಬಾರದು, ಪರೀಕ್ಷೆಯೇ ಕೆಟ್ಟಿದೆ ಅಂತ ಬರೆಯಬೇಕು.

ಕ್ಯೋಟೋ ಪ್ರಾಂತದಲ್ಲಿ ಯುರಾ ಅಂತ ಒಂದು ನದಿ. ಅಲ್ಲಿ ಈ ರೋಗ ಮೊದಲು ಬಂದದ್ದು 2007ರಲ್ಲಿ. ತೊಶಿಫುಮಿ ಮಿನಾಮೊತೊ ಮತ್ತು ಜೊತೆಗಾರರು ನದಿಯ ನೀರು ತೆಗೆದು ಹೀಗೆಯೇ ಸಾಂದ್ರಗೊಳಿಸಿ ನೋಡಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೀನು ಸಾಯುತ್ತಿದ್ದಾಗ ನೀರಿನಲ್ಲಿ ವೈರಸ್ಸಿನ ಡಿಎನ್‌ಎ ಇತ್ತು. ಅದರಲ್ಲಿ ಆಶ್ಚರ್ಯ ಇಲ್ಲ. ಆದರೆ ಸಾವು ನಿಂತು ಕನಿಷ್ಠ 3 ತಿಂಗಳವರೆಗೂ ಅದು ಸಿಗುತ್ತಲೇ ಇತ್ತು! ದಡದಲ್ಲಿ ಸತ್ತ ಮೀನಿಲ್ಲ, ನೋಡುವವರಿಗೆ ರೋಗ ಮುಗಿದ ಹಾಗೆ. ನೀರು ಮಾತ್ರ ಬೇರೆ ಹೇಳುತ್ತಿತ್ತು.

ಈಗ ನಾನು ನಿಮ್ಮನ್ನು ಸ್ವಲ್ಪ ತಡೆಯಬೇಕು. ತರಗತಿಯಲ್ಲಿ ಇದನ್ನು ಹೇಳಿದಾಗ ಎಲ್ಲರೂ "ಅಂದ್ರೆ ಮೂರು ತಿಂಗಳು ನೀರಿನಲ್ಲಿ ವೈರಸ್ ಜೀವಂತ ಇತ್ತು" ಅಂದರು. ಹಾಗೆ ಹೇಳಲು ಬರುವುದಿಲ್ಲ. ಪಿಸಿಆರ್ ಹುಡುಕುವುದು ಡಿಎನ್‌ಎಯ ಒಂದು ತುಂಡನ್ನು. ಈ ವೈರಸ್ಸಿನ ಡಿಎನ್‌ಎ ಸುಮಾರು 2,95,000 ಅಕ್ಷರ ಉದ್ದ, ನಾವು ಹುಡುಕುವುದು ಅದರಲ್ಲಿ ಕೆಲವೇ ನೂರು ಅಕ್ಷರ. ಒಡೆದು ಹೋದ ಕಣದಲ್ಲೂ ಆ ತುಂಡು ಇರಬಹುದು. ಸುಟ್ಟ ಪುಸ್ತಕದ ಒಂದು ಪುಟ ಸಿಕ್ಕಿದರೆ ಪುಸ್ತಕ ಯಾವುದು ಅಂತ ಗೊತ್ತಾಗುತ್ತದೆ, ಆದರೆ ಇಡೀ ಪುಸ್ತಕ ಓದಲು ಆಗುವುದಿಲ್ಲ, ಅಲ್ವಾ?

ಜಪಾನಿನದೇ ಇನ್ನೊಂದು ಪ್ರಯೋಗ, 2006ರದ್ದು, ಇದನ್ನು ಚೆನ್ನಾಗಿ ತೋರಿಸುತ್ತದೆ. ವೈರಸ್ಸನ್ನು 15 ಡಿಗ್ರಿಯ ಸಾಮಾನ್ಯ ಪರಿಸರದ ನೀರಿನಲ್ಲಿ ಬಿಟ್ಟರು. 3 ದಿನದೊಳಗೆ ಅದರ ಸೋಂಕು ತಗಲಿಸುವ ಶಕ್ತಿ ಬಹಳ ಇಳಿಯಿತು. ಅದೇ ನೀರನ್ನು ಮೊದಲು ಕ್ರಿಮಿಶುದ್ಧ ಮಾಡಿ ಬಿಟ್ಟಾಗ 7 ದಿನ ಕಳೆದರೂ ಶಕ್ತಿ ಉಳಿದಿತ್ತು. ವ್ಯತ್ಯಾಸ ಏನು? ನೀರಿನಲ್ಲಿದ್ದ ಜೀವಿಗಳು, ಮುಖ್ಯವಾಗಿ ಬ್ಯಾಕ್ಟೀರಿಯಾ. ಅವು ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತವೆ. ಹಾಗಾದರೆ ಯುರಾ ನದಿಯಲ್ಲಿ 3 ತಿಂಗಳ ನಂತರ ಸಿಕ್ಕ ಡಿಎನ್‌ಎ ಎಲ್ಲಿಂದ ಬಂತು? ಬದುಕಿ ಉಳಿದ ಕೆಲವು ಗೆಂಡೆಗಳು ವೈರಸ್ಸನ್ನು ಮೈಯಲ್ಲಿ ಇಟ್ಟುಕೊಂಡು ಆಗಾಗ ನೀರಿಗೆ ಬಿಡುತ್ತಿರಬಹುದು. ಹರ್ಪಿಸ್ ಗುಂಪಿನ ವೈರಸ್ಸುಗಳು ದೇಹದಲ್ಲಿ ಅಡಗಿ ಕೂರುವುದರಲ್ಲಿ ಹೆಸರುವಾಸಿ. ಹಾಗಾಗಿ ನೀರಿನ ಪರೀಕ್ಷೆ ಮೀನಿನ ಪರೀಕ್ಷೆಯ ಬದಲಿಗೆ ಅಲ್ಲ. ಯಾವ ಕೆರೆಯಲ್ಲಿ, ಯಾವಾಗ ಮೀನು ಹಿಡಿದು ನೋಡಬೇಕು ಅಂತ ಅದು ಬೆರಳು ತೋರಿಸುತ್ತದೆ.

"ಸಿಗಲಿಲ್ಲ" ಅನ್ನುವುದಕ್ಕೂ ಇಂಥದೇ ಎಚ್ಚರಿಕೆ ಬೇಕು. 5 ಸೆಂಟ್ ಜಾಗದ ಹೊಂಡ, ಆಳ ಒಂದೂವರೆ ಮೀಟರ್. ಒಂದು ಸೆಂಟ್ ಅಂದರೆ ಸುಮಾರು 40 ಚದರ ಮೀಟರ್. ಲೆಕ್ಕ ಹಾಕಿದರೆ 300 ಘನ ಮೀಟರ್, ಅಂದರೆ 3 ಲಕ್ಷ ಲೀಟರ್ ನೀರು. ಇಡೀ ಹೊಂಡದಲ್ಲಿ 3 ಕೋಟಿ ವೈರಸ್ ಕಣ ಇದ್ದರೆ ಲೀಟರಿಗೆ 100, ಸಿಕ್ಕೀತು. ರೋಗ ಶುರುವಾಗುವ ಮೊದಲ ದಿನಗಳಲ್ಲಿ ಒಂದು ಲಕ್ಷ ಕಣ ಮಾತ್ರ ಇದ್ದರೆ? ಮೂರು ಲೀಟರಿಗೆ ಒಂದು. ನೀವು ಒಂದು ಲೀಟರ್ ತೆಗೆದರೆ ಮೂರರಲ್ಲಿ ಎರಡು ಸಲಕ್ಕಿಂತ ಹೆಚ್ಚು ಬರಿಗೈ. ಅದಕ್ಕೇ ಒಂದೇ ಮೂಲೆಯಿಂದ ತೆಗೆಯದೆ ಹಲವು ಕಡೆಯಿಂದ, ನೀರು ಹೊರಹೋಗುವ ಜಾಗದಿಂದ, ಬೇರೆ ಬೇರೆ ದಿನ ತೆಗೆಯುವುದು.

ತೆಗೆಯುವ ಕ್ರಮವೂ ಮುಖ್ಯ. ಬಾಟ್ಲಿ ಹೊಸದಿರಬೇಕು, ಕೈಗವಸು ಬೇಕು. ಎರಡು ಹೊಂಡ ಇದ್ದರೆ ಮೀನು ಚೆನ್ನಾಗಿರುವ ಹೊಂಡದ್ದು ಮೊದಲು, ಸಂಶಯದ್ದು ಆಮೇಲೆ. ತಿರುಗಾಮುರುಗಾ ಮಾಡಿದರೆ ನಿಮ್ಮ ಚಪ್ಪಲಿಯೇ ರೋಗ ದಾಟಿಸೀತು. ಬಾಟ್ಲಿಯನ್ನು ಐಸಿನಲ್ಲಿಟ್ಟು ಬೇಗ ಪ್ರಯೋಗಾಲಯಕ್ಕೆ ತಲುಪಿಸಬೇಕು, ಬಿಸಿಲಿನಲ್ಲಿ ಇಡಬಾರದು. ಮತ್ತೆ ಒಂದು ಬಾಟ್ಲಿಯಲ್ಲಿ ಬಟ್ಟಿ ಇಳಿಸಿದ ನೀರು ತೆಗೆದುಕೊಂಡು ಹೋಗಿ, ಹೊಂಡದ ಬದಿಯಲ್ಲಿ ಮುಚ್ಚಳ ತೆರೆದು ಮುಚ್ಚಿ, ಅದನ್ನೂ ಉಳಿದವುಗಳ ಜೊತೆಯೇ ಪರೀಕ್ಷೆಗೆ ಹಾಕುತ್ತಾರೆ. ಅದರಲ್ಲಿ ಏನೂ ಸಿಗಬಾರದು.

ಹುಡುಗನ ತಿಲಾಪಿಯಕ್ಕೆ ಬರೋಣ. ಗೆಂಡೆಯ ವೈರಸ್ ತಿಲಾಪಿಯವನ್ನು ಕೊಲ್ಲುವುದಿಲ್ಲ. ಅದಕ್ಕೆ ಬೇರೆಯೇ ಒಂದು ಉಂಟು, ತಿಲಾಪಿಯ ಲೇಕ್ ವೈರಸ್. 2014ರಲ್ಲಿ ಇಸ್ರೇಲಿನ ಸಂಶೋಧಕರು ಇದನ್ನು ಮೊದಲು ಗುರುತಿಸಿ ಪ್ರಕಟಿಸಿದರು. ನಮ್ಮ ದೇಶದಲ್ಲಿ 2018ರಲ್ಲಿ ವರದಿಯಾಯಿತು, ಪಶ್ಚಿಮ ಬಂಗಾಳದ ಜೊತೆಗೆ ನಮ್ಮ ಕೇರಳದಿಂದಲೂ. ಇದು ಇನ್ನೂ ಚಿಕ್ಕದು, 100 ನ್ಯಾನೋಮೀಟರಿಗಿಂತ ಕಡಿಮೆ. ಇದರೊಳಗೆ ಡಿಎನ್‌ಎ ಇಲ್ಲ, ಆರ್‌ಎನ್‌ಎಯ 10 ತುಂಡುಗಳಿವೆ. ಹಾಗಾಗಿ ಮೊದಲು ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿ ಆಮೇಲೆ ಪಿಸಿಆರ್. ಆರ್‌ಟಿ-ಪಿಸಿಆರ್ ಅನ್ನುವುದರಲ್ಲಿನ ಆರ್‌ಟಿ ಅದೇ. ಥಾಯ್ಲೆಂಡಿನ ಸಂಶೋಧಕರು ಈ ವೈರಸ್ಸನ್ನು ಹೊಂಡದ ನೀರಿನಿಂದ ಒಟ್ಟುಮಾಡಲು ಅಲ್ಯೂಮಿನಿಯಂ ಬದಲು ಕಬ್ಬಿಣದ ಕ್ಲೋರೈಡ್ ಬಳಸಿದರು. ಕಬ್ಬಿಣದ ಅಯಾನಿಗೂ ಮೂರು ಧನ ವಿದ್ಯುದಂಶ. ವೈರಸ್ ಅದರ ಜೊತೆ ಗುಂಪಾಗುತ್ತದೆ, ಗುಂಪನ್ನು ಸೋಸಿ ತೆಗೆಯುತ್ತಾರೆ. ಅಜ್ಜಿಯ ಪಟಿಕದ ಕೊಡವೇ ಸರಿ.

ಹಾಗಾದರೆ ಅವನ ಮೀನು ಸತ್ತದ್ದು ಇದರಿಂದಲೇ? ಯಾರೂ ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ಹೇಳಲು ಬರುವುದಿಲ್ಲ. ವಾರವಿಡೀ ಮೋಡ ಕವಿದಿದ್ದರೆ ಪಾಚಿಗೆ ಬೆಳಕು ಸಾಲದೆ ನೀರಿನಲ್ಲಿ ಆಮ್ಲಜನಕ ಇಳಿದು ಬೆಳಗಿನ ಜಾವಕ್ಕೆ ಮೀನು ಸಾಯುವುದೂ ಉಂಟು. ಅವನನ್ನು ಕೇಳಿದೆ, ಸತ್ತದ್ದು ಯಾವ ಹೊತ್ತಿಗೆ, ಮೇಲೆ ಬಂದು ಬಾಯಿ ತೆರೆಯುತ್ತಿದ್ದವಾ, ಮೈಮೇಲೆ ಗಾಯ ಇತ್ತಾ, ಕಣ್ಣು ಉಬ್ಬಿತ್ತಾ? "ನೋಡ್ಲಿಲ್ಲ ಟೀಚರ್, ಗುಂಡಿ ತೋಡಿ ಹಾಕಿದ್ದು" ಅಂದ. ಬಾಟ್ಲಿ ಹಿಂದೆ ಕೊಟ್ಟ ನನ್ನದೂ ತಪ್ಪೇ. ಅವತ್ತೇ ಮೀನುಗಾರಿಕೆ ಇಲಾಖೆಗೆ ಒಂದು ಫೋನ್ ಮಾಡಬಹುದಿತ್ತು. ದೇಶದಲ್ಲಿ ಜಲಚರ ರೋಗಗಳ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮ 2013ರಿಂದ ನಡೆಯುತ್ತಿದೆ, ಲಕ್ನೋದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಒಟ್ಟೊಟ್ಟಿಗೆ ಮೀನು ಸತ್ತರೆ ಇಲಾಖೆಯವರು ಬರುವವರೆಗೆ ನೀರನ್ನು ಹೊರಗೆ ಬಿಡಬೇಡಿ ಅಂತ ಹಿರಿಯರಿಗೆ ಹೇಳಿ. ತಾರೀಕು, ಹೊತ್ತು, ಎಷ್ಟು ಸತ್ತವು, ನೀರಿನ ಉಷ್ಣತೆ ಎಷ್ಟು, ಹೊಸ ಮರಿ ಯಾವಾಗ ತಂದದ್ದು, ಇಷ್ಟನ್ನು ಬರೆದಿಡಿ. ನಮ್ಮ ಹುಡುಗ ಈಗ ಹೊಸ ಮರಿ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ಲ್ಯಾಬಿನ ಥರ್ಮಾಮೀಟರಿನಲ್ಲಿ ನೀರಿನ ಉಷ್ಣತೆ ನೋಡಿ ಬರೆಯುತ್ತಿದ್ದಾನೆ. (ಥರ್ಮಾಮೀಟರ್ ಇನ್ನೂ ಲ್ಯಾಬಿಗೆ ಹಿಂದೆ ಬಂದಿಲ್ಲ, ಇರಲಿ.)

ನಿಮಗೆ ಮೂರು ಪ್ರಶ್ನೆ, ಉತ್ತರವನ್ನು ನಿಮ್ಮ ವಿಜ್ಞಾನ ಅಧ್ಯಾಪಕರಿಗೆ ತೋರಿಸಿ. ಒಂದು ಲೀಟರ್ ನೀರಿಗೆ 50,000 ಲ್ಯಾಂಬ್ಡಾ ಕಣ ಹಾಕಿ 10,000 ಹಿಂದೆ ಸಿಕ್ಕಿದೆ, ಮೀನಿನ ವೈರಸ್ 240 ಸಿಕ್ಕಿದೆ, ಹಾಗಾದರೆ ನೀರಿನಲ್ಲಿ ನಿಜವಾಗಿ ಎಷ್ಟಿತ್ತು? ಬಟ್ಟಿ ಇಳಿಸಿದ ನೀರಿನ ಬಾಟ್ಲಿಯಲ್ಲೂ ವೈರಸ್ ಸಿಕ್ಕಿದರೆ ಆ ದಿನದ ಫಲಿತಾಂಶವನ್ನು ಏನು ಮಾಡುತ್ತೀರಿ? ಮೂರನೆಯದು ಆ ಹುಡುಗ ಕೇಳಿದ್ದು: ಅವನ ಹೊಂಡದಿಂದ ವೈರಸ್ ತೋಡಿಗೆ ಹೋಯಿತೇ ಅಂತ ತಿಳಿಯಲು ತೋಡಿನ ನೀರನ್ನು ಎಲ್ಲಿ ತೆಗೆಯಬೇಕು, ಹೊಂಡಕ್ಕಿಂತ ಮೇಲಿನಿಂದಲೋ, ಕೆಳಗಿನಿಂದಲೋ, ಎರಡೂ ಕಡೆಯಿಂದಲೋ, ಮತ್ತು ಯಾಕೆ?